ನಲವತ್ತು ದಾಟದ ಕಾರು

"ಬುದ್ಧೀ, ಮೊದಲು ಚುರುಕಾಗಿದ್ದ ಕೆಲಸದವರು ಇದ್ದಕ್ಕಿದ್ದಂತೆ ನಿಧಾನವಾದರೆ, ಕಳ್ಳತನಕ್ಕೆ ಇಳಿದಿದ್ದಾರೆ ಎಂದೇ ಅಲ್ಲವೇ?" ಎಂದು ಮಠದ ಉಗ್ರಾಣ ನೋಡಿಕೊಳ್ಳುವ ಶಿಷ್ಯ ಕೇಳಿದ.

"ಯಾರ ಮಾತು?" ಎಂದರು ಗುರುಗಳು.

"ದಾಸೋಹದ ಅಡುಗೆಯ ದೇವೀರಮ್ಮ. ಬಂದ ಹೊಸದರಲ್ಲಿ ಇನ್ನೂರು ಜನಕ್ಕೆ ಒಬ್ಬಳೇ ಬೇಯಿಸುತ್ತಿದ್ದಳು. ನನಗೆ ಆಗಲೇ ಅನುಮಾನ ಬಂತು. ಅಷ್ಟು ಚುರುಕು ಸುಮ್ಮನೆ ಬರುವುದಿಲ್ಲ. ಆರು ತಿಂಗಳಿಂದ ಅಕ್ಕಿ ನಾನೇ ಅಳೆದು ಕೊಡುತ್ತೇನೆ, ಒಲೆಯ ಪಕ್ಕದಲ್ಲೇ ನಿಲ್ಲುತ್ತೇನೆ, ಸಂಜೆ ಹೊರಡುವಾಗ ಅವಳ ಕೂಸಿನ ಬಟ್ಟೆ ಗಂಟನ್ನೂ ಬಿಚ್ಚಿ ನೋಡುತ್ತೇನೆ. ಈಗ ಅವಳ ಕೈಯೇ ಓಡುವುದಿಲ್ಲ. ನಿನ್ನೆ ಸಾರು ಸೀದುಹೋಯಿತು. ಅಪ್ಪಣೆಯಾದರೆ ಇವತ್ತೇ ಕಳುಹಿಸಿಬಿಡುತ್ತೇನೆ."

ಗುರುಗಳು ಅಪ್ಪಣೆ ಕೊಡಲಿಲ್ಲ. ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಡೀಸೆಲ್ ಕಾರು ಕೊಂಡ. ಓಡಿಸಲು ಒಬ್ಬ ಚಾಲಕನನ್ನು ಇಟ್ಟುಕೊಂಡ. ಇಟ್ಟುಕೊಂಡ ದಿನದಿಂದಲೇ ಅವನನ್ನು ಅನುಮಾನಿಸಿದ. ಕಾರು ಜೋರಾಗಿ ಹೋದರೆ ಇವನಿಗೆ ಬೇರೆಲ್ಲೋ ಕೆಲಸವಿದೆ ಎಂದುಕೊಂಡ. ನಿಂತರೆ ಡೀಸೆಲ್ ಕದಿಯುತ್ತಿದ್ದಾನೆ ಎಂದುಕೊಂಡ. ಕೊನೆಗೆ "ವೇಗದ ಮುಳ್ಳು ನಲವತ್ತು ದಾಟಕೂಡದು" ಎಂದು ಕಟ್ಟಪ್ಪಣೆ ಮಾಡಿ, ಹಿಂದಿನ ಸೀಟಿನಲ್ಲಿ ಕತ್ತು ಉದ್ದ ಮಾಡಿಕೊಂಡು ಮುಳ್ಳನ್ನೇ ಕಾಯುತ್ತ ಕುಳಿತ. ಎರಡು ವರ್ಷ ಅವನು ರಸ್ತೆಯನ್ನೇ ನೋಡಲಿಲ್ಲ.

ಒಂದು ದಿನ ವರ್ತಕನ ಮಗಳಿಗೆ ಹೆರಿಗೆ ನೋವು ಬಂತು. ಆಸ್ಪತ್ರೆ ಗುಡ್ಡದ ಆಚೆ. "ಇವತ್ತು ಎಷ್ಟು ಜೋರಾಗಿಯಾದರೂ ಹೋಗು" ಎಂದ. ಚಾಲಕ ಏರಿನಲ್ಲಿ ಒತ್ತಿದ. ಕಾರು ಒಮ್ಮೆ ಮುಗ್ಗರಿಸಿತು. ಎಚ್ಚರಿಕೆಯ ಹಳದಿ ದೀಪ ಹತ್ತಿತು, ಬಲ ಇಳಿದುಹೋಯಿತು. ಆಮೇಲೆ ಎಷ್ಟು ಒತ್ತಿದರೂ ಆಮೆಯ ನಡಿಗೆ. ಹಿಂದಿನಿಂದ ಬಂದ ಹಾಲಿನ ವ್ಯಾನಿನವನು ಮಗಳನ್ನು ಹತ್ತಿಸಿಕೊಂಡು ಹೋದ. ಆಸ್ಪತ್ರೆಯ ಬಾಗಿಲಲ್ಲೇ ಹೆರಿಗೆಯಾಯಿತು. ತಾಯಿ, ಮಗು ಉಳಿದದ್ದು ಹಾಲಿನವನ ಪುಣ್ಯ.

ವರ್ತಕ ಚಾಲಕನ ಕೈಯಿಂದ ಕೀಲಿ ಕಿತ್ತುಕೊಂಡು ಅಲ್ಲೇ ಕೆಲಸದಿಂದ ತೆಗೆದ. ಕಾರನ್ನು ಮೆಕ್ಯಾನಿಕ್ ಬಳಿಗೆ ಎಳೆಸಿಕೊಂಡು ಹೋಗಿ, "ಒಳಗಿನದೇನನ್ನೋ ಮಾರಿಕೊಂಡಿದ್ದಾನೆ, ಏನೆಂದು ಹೇಳು" ಎಂದ.

ಮೆಕ್ಯಾನಿಕ್ ಟರ್ಬೊ ಬಿಚ್ಚಿ ತೋರಿಸಿದ.

"ನೋಡಿ ಯಜಮಾನರೇ, ಎಂಜಿನ್ ಬಿಟ್ಟ ಹೊಗೆ ಈ ಚಕ್ರವನ್ನು ತಿರುಗಿಸುತ್ತದೆ. ಇದು ತಿರುಗಿದರೆ ಆ ತುದಿಯ ಚಕ್ರವೂ ತಿರುಗಿ ಎಂಜಿನ್ನಿಗೆ ಗಾಳಿ ಊದುತ್ತದೆ. ಊದುಗೊಳವೆಯಲ್ಲಿ ಒಲೆ ಊದಿದ ಹಾಗೆ. ಸುತ್ತ ಇರುವ ಈ ಸಣ್ಣ ಎಲೆಗಳು ಹೊಗೆಯ ಬಾಗಿಲು. ನಿಧಾನ ಹೋಗುವಾಗ ಹೊಗೆ ಕಡಿಮೆ, ಆಗ ಇವು ಮುಚ್ಚಿಕೊಂಡು ಸಂದು ಕಿರಿದು ಮಾಡುತ್ತವೆ. ನಲ್ಲಿ ಪೈಪಿನ ಬಾಯಿಗೆ ಬೆರಳಿಟ್ಟರೆ ನೀರು ಚಿಮ್ಮುತ್ತದಲ್ಲ, ಹಾಗೆ ಹೊಗೆ ಚಕ್ರಕ್ಕೆ ಬಡಿಯುತ್ತದೆ. ಜೋರು ಹೋಗುವಾಗ ಹೊಗೆ ಹೆಚ್ಚು, ಆಗ ಇವು ತೆರೆದುಕೊಳ್ಳಬೇಕು. ಇಲ್ಲದಿದ್ದರೆ ಚಕ್ರ ಮಿತಿಮೀರಿ ತಿರುಗಿ ಒಡೆಯುತ್ತದೆ."

ವರ್ತಕ ಎಲೆಗಳನ್ನು ಎಣಿಸಿದ. ಮತ್ತೊಮ್ಮೆ ಎಣಿಸಿದ. "ಎಷ್ಟು ಕದ್ದಿದ್ದಾನೆ?" ಎಂದ.

"ಒಂದೂ ಇಲ್ಲ. ಮಸಿ ಕಟ್ಟಿ, ಮುಚ್ಚಿದಲ್ಲೇ ಹಿಡಿದುಕೊಂಡಿವೆ. ಸದಾ ನಿಧಾನ ಓಡಿಸಿದರೆ ಮಸಿ ಸುಟ್ಟುಹೋಗುವಷ್ಟು ಬಿಸಿಯಾಗುವುದಿಲ್ಲ, ಎಲೆಗಳೂ ಆಡುವುದಿಲ್ಲ. ಏರಿನಲ್ಲಿ ಒತ್ತಿದಾಗ ಇವಕ್ಕೆ ತೆರೆಯಲಾಗಲಿಲ್ಲ. ಒಡೆದುಹೋಗಬಾರದೆಂದು ಎಂಜಿನ್ ತಾನೇ ಬಲ ಇಳಿಸಿಕೊಂಡಿದೆ. ನೋಡುವವರಿಗೆ ಸೋಮಾರಿತನದ ಹಾಗೆ ಕಾಣುತ್ತದೆ, ಅಷ್ಟೆ. ಇದನ್ನು ಹೀಗೆ ಓಡಿಸಿದ ಪುಣ್ಯಾತ್ಮ ಯಾರು?"

ವರ್ತಕ ಚಾಲಕನ ಹೆಸರು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕಣ್ಣು ತಾನು ಕೂರುತ್ತಿದ್ದ ಹಿಂದಿನ ಸೀಟಿನ ಮೇಲೆ ಬಿತ್ತು.

ಕತೆ ಅಲ್ಲಿಗೆ ನಿಂತಿತು. ಶಿಷ್ಯನ ಅನುಮಾನ ನಿಲ್ಲಲಿಲ್ಲ. "ಬುದ್ಧೀ, ಎಂಜಿನ್ ಕದಿಯುವುದಿಲ್ಲ. ಮನುಷ್ಯರು ಕದಿಯುತ್ತಾರೆ" ಎಂದ.

"ಕದಿಯುತ್ತಾರೆ ಮರಿ," ಎಂದರು ಗುರುಗಳು, "ಆರು ತಿಂಗಳಿಂದ ಆ ಕೂಸಿನ ಬಟ್ಟೆ ಗಂಟು ಬಿಚ್ಚುತ್ತಿದ್ದೀಯಲ್ಲ, ಇಲ್ಲಿಯವರೆಗೆ ಎಷ್ಟು ಕಾಳು ಅಕ್ಕಿ ಸಿಕ್ಕಿತು?"