ಲಗಮವ್ವನ ಕಲ್ಲುಗಳು

ಬಹಳ ಹಿಂದೆ, ಯಾರ ಅಜ್ಜನ ನೆನಪಿಗೂ ಸಿಗದಷ್ಟು ಹಿಂದೆ, ಕಂಬಳಿ ನೇಯುವ ಒಂದೂರಲ್ಲಿ ಉಣ್ಣೆ, ನೂಲು ತೂಗುವ ಲಗಮವ್ವ ಅಂತ ಒಬ್ಬಳಿದ್ದಳಂತೆ. ತೂಗುವ ಮುಂಚೆ ಸೆರಗನ್ನು ಬಾಯಿಗೆ ಒತ್ತಿ ಹಿಡಿಯುವುದು ಅವಳ ರೂಢಿ. ತನ್ನ ಉಸಿರು ತಾಗಿಯೂ ತಕ್ಕಡಿ ಅಲುಗಬಾರದು ಅಂತ. ಅವಳು ಮೋಡವನ್ನು ತೂಗಿದರೆ ಅಷ್ಟೇ ಮಳೆ ಬೀಳುತ್ತಿತ್ತಂತೆ. ಹಾಗೆ ಹೇಳುತ್ತಾರಪ್ಪ.

ಆ ಊರಿನ ಹೆಂಗಸರು ಕಟ್ಟೆಯಲ್ಲಿ ಉಣ್ಣೆ ತೂಗಿಸಿಕೊಂಡು ಒಯ್ಯಬೇಕು, ನೂತು ಅಷ್ಟೇ ತೂಕದ ನೂಲು ತಂದೊಪ್ಪಿಸಬೇಕು. ಹಾರಿಹೋಗುವ ಧೂಳಿಗೆ ಮಾಫಿ. ಅದಕ್ಕೂ ಕಡಿಮೆ ಬಿದ್ದರೆ ಅವಳು ಕಳ್ಳಿ.

ಲಗಮವ್ವನ ಕಲ್ಲುಗಳು ಒಂದರ ಅರ್ಧ ಇನ್ನೊಂದು. ಎಲ್ಲಕ್ಕೂ ದೊಡ್ಡದು ಆನೆಗಲ್ಲು, ಎಲ್ಲಕ್ಕೂ ಸಣ್ಣದು ಇಲಿಗಲ್ಲು. ಮೊದಲು ಆನೆಗಲ್ಲು ಇಡುವುದು. ಕಲ್ಲಿನ ತಟ್ಟೆ ಕೆಳಗಿಳಿದರೆ ಅದನ್ನು ತೆಗೆಯುವುದು, ಇಳಿಯದಿದ್ದರೆ ಬಿಡುವುದು. ಆಮೇಲೆ ಅದಕ್ಕಿಂತ ಸಣ್ಣದು, ಆಮೇಲೆ ಅದಕ್ಕಿಂತ ಸಣ್ಣದು. ಒಮ್ಮೆ ತೆಗೆದ ಕಲ್ಲನ್ನು ಮತ್ತೆ ಮುಟ್ಟುವಂತಿಲ್ಲ, ಅದು ಹಿರಿಯರ ಕಟ್ಟಳೆ.

ಒಂದು ಗಾಳಿಯ ದಿನ ಬೀರವ್ವ ನೂಲು ತಂದಳಂತೆ. ಬೀರವ್ವ ಅಂದರೆ ಲಗಮವ್ವನ ಓರಗೆಯವಳು, ಕೂಡಿ ಆಡಿ ಬೆಳೆದವಳು. ಆನೆಗಲ್ಲು ಇಟ್ಟ ಗಳಿಗೆಗೇ ಗಾಳಿ ಬೀಸಿ ಕಲ್ಲಿನ ತಟ್ಟೆಯನ್ನು ಕೆಳಗೊತ್ತಿತು. ಲಗಮವ್ವ ಆನೆಗಲ್ಲು ತೆಗೆದಳು. ಉಳಿದ ಕಲ್ಲುಗಳನ್ನು ಒಂದೊಂದಾಗಿ ಇಟ್ಟಳು. ಇಲಿಗಲ್ಲನ್ನೂ ಇಟ್ಟಾಯಿತು. ನೂಲಿನ ತಟ್ಟೆ ಇನ್ನೂ ಕೆಳಗೇ ಕೂತಿತ್ತು.

ಅದನ್ನು ಲಗಮವ್ವ ಕಂಡಳಂತೆ. ಇಷ್ಟು ಮಂದಿಯೆದುರು, ತೆಗೆದ ಕಲ್ಲನ್ನು ಮತ್ತೆ ಎತ್ತುವುದು ಹೇಗೆ? ತಟ್ಟೆಯಲ್ಲಿದ್ದ ಕಲ್ಲುಗಳನ್ನಷ್ಟೇ ಲೆಕ್ಕ ಹಿಡಿದು, ಕಡಿಮೆ ಬಿತ್ತು ಅಂದುಬಿಟ್ಟಳು.

ಕಟ್ಟೆಯ ಹಿರಿಯ ಮಾಳಿಂಗಪ್ಪ ನಕ್ಕ. "ಏನಬೇ ಬೀರವ್ವ, ಉಣ್ಣಿ ರೊಟ್ಟ್ಯಾಗ ಸುತ್ಕೊಂಡು ತಿಂದೇನ?"

ಬೀರವ್ವ ಲಗಮವ್ವನ ಮುಖವನ್ನೇ ನೋಡಿದಳು. ಲಗಮವ್ವ ತಕ್ಕಡಿಯ ಹಗ್ಗ ಸರಿಮಾಡುತ್ತ ನಿಂತಳು. ಬೀರವ್ವನ ನೂಲುವ ಕದಿರು ಮುರಿದು ಕೈಗಿಟ್ಟು, ಅವಳನ್ನು ಕಟ್ಟೆಯಿಂದ ಇಳಿಸಿದರಂತೆ.

ಗಾಳಿ ನಿಂತ ಮೇಲೆ ಲಗಮವ್ವ ಒಬ್ಬಳೇ ಅದೇ ನೂಲನ್ನು ತೂಗಿದಳು. ನೂಲಿನ ಭಾರಕ್ಕೆ ಆನೆಗಲ್ಲು ಹಗುರವಾಗಿ ಮೇಲೆದ್ದಿತು. ಅವಳ ಕಿವಿಯ ತುದಿಯವರೆಗೂ ಬಿಸಿಯೇರಿತಂತೆ. ಆಗಲೇ ಓಡಿಹೋಗಿ ಹೇಳಬಹುದಿತ್ತು. ಹೋಗಲಿಲ್ಲ. ಮರುದಿನ ಕಟ್ಟೆಯಲ್ಲಿ ಹೇಳಿದಾಗ ಮಾಳಿಂಗಪ್ಪ, "ಗಾಳಿ ಮಾಡಿದ್ದಕ್ಕ ನೀ ಏನ್ ಮಾಡ್ತೀ, ಬಿಡು" ಅಂದ. ಆ ಸಮಾಧಾನವೇ ಅವಳನ್ನು ಹೆಚ್ಚು ಸುಟ್ಟಿತಂತೆ. ಗಾಳಿಗೆ ಕಣ್ಣಿರಲಿಲ್ಲ, ಅವಳಿಗಿತ್ತು.

ಹಳ್ಳದ ದಂಡೆಯಲ್ಲಿ ಕೂತು ಲಗಮವ್ವ ಹೊಸ ಕಲ್ಲು ತೇದಳಂತೆ. ಅಂಗೈ ಸವೆಯಿತು, ಹಳ್ಳದ ನೀರು ಬೆಳ್ಳಗಾಯಿತು ಅನ್ನುತ್ತಾರೆ. ತಕ್ಕಡಿಯನ್ನೇ ಗಟ್ಟಿಯಾಗಿ ಮಾಡಿಸು ಅಂದರು ಜನ. ಎಷ್ಟು ಗಟ್ಟಿ ಮಾಡಿಸಿದರೂ ಗಾಳಿ ಬೀಸುವುದೇ, ಮರ ಬಾಗುವುದೇ, ನನ್ನ ಕೈ ನಡುಗುವುದೇ ಅಂದಳಂತೆ. ಈ ಸಲದ ಕಲ್ಲುಗಳು ಒಂದರ ಅರ್ಧ ಇನ್ನೊಂದಲ್ಲ, ಅರ್ಧಕ್ಕಿಂತ ತುಸು ಹೆಚ್ಚು. ಹಾಗಾಗಿ ಸಣ್ಣವೆಲ್ಲ ಕೂಡಿದರೆ ಆನೆಗಲ್ಲನ್ನೂ ಮೀರುತ್ತಿದ್ದವು. ಮೊದಲ ಕಲ್ಲನ್ನು ತಪ್ಪಾಗಿ ತೆಗೆದರೂ ಸಣ್ಣವು ಆ ಭಾರ ಹೊತ್ತು ತೂಕವನ್ನು ಸರಿಗೆ ತರುತ್ತಿದ್ದವು. ಅನುಮಾನ ಬಂದರೆ ತೆಗೆದುಬಿಡಿ, ಉಳಿದವು ನೋಡಿಕೊಳ್ಳುತ್ತವೆ ಅನ್ನುತ್ತಿದ್ದಳಂತೆ. ಆಮೇಲೆ ಆ ಊರಲ್ಲಿ ಯಾರೂ ಕಳ್ಳಿ ಅನ್ನಿಸಿಕೊಳ್ಳಲಿಲ್ಲ. ಸುತ್ತಲ ಊರುಗಳೆಲ್ಲ ಅಂಥವೇ ಕಲ್ಲು ಮಾಡಿಕೊಂಡವು.

ಬೀರವ್ವನ ಬಾಗಿಲು ಮಾತ್ರ ತೆರೆಯಲಿಲ್ಲ. ಲಗಮವ್ವ ತಕ್ಕಡಿ ಹೊತ್ತು ಅವಳ ಹೊಸ್ತಿಲಿಗೆ ಹೋಗುತ್ತಿದ್ದಳಂತೆ, ಬದುಕಿರುವವರೆಗೂ ಹೋದಳಂತೆ. ಒಳಗೆ ಬೀರವ್ವ ಇದ್ದಳು ಅನ್ನುವವರಿದ್ದಾರೆ, ಎಂದೋ ಊರು ಬಿಟ್ಟಿದ್ದಳು ಅನ್ನುವವರೂ ಇದ್ದಾರೆ.

ಈಗಲೂ ಆ ಕಡೆ ನೂಲು ತೂಗುವ ದಿನ, ಮೊದಲ ಕಲ್ಲು ಇಡುವ ಮುಂಚೆ, ತೂಗುವವರು ಖಾಲಿ ತಟ್ಟೆಯನ್ನು ಬೀದಿಯ ಕಡೆ ಹಿಡಿದು ಕೂಗುತ್ತಾರಂತೆ. ಕೂಗಿ ತುಸು ಹೊತ್ತು ಕಾಯುತ್ತಾರಂತೆ.

"ಬೀರವ್ವಾ, ಮೊದಲ ನಿಂದ ತೂಗ್ತೀವಿ. ಬಾರಬೇ."