ಹೊಕ್ಕುಳ ಬಳ್ಳಿಯ ಕಟ್ಟಳೆ

"ಗುರುಗಳೇ, ಊರಿನವರು ಎಂದರೆ ಯಾರು?"

ಹೀಗೆ ಕೇಳಿದವನು ತೋಂಟಪ್ಪ ಎಂಬ ಶಿಷ್ಯ. ಹದಿನೈದು ದಿನ ತನ್ನ ಊರಿನಲ್ಲಿದ್ದು ಆಗಷ್ಟೇ ಮಠಕ್ಕೆ ಮರಳಿದ್ದ. ಒಂದು ಕೈಯಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿ ಇತ್ತು. ರೊಟ್ಟಿ, ಜೊತೆಗೆ ಅವಳ ತವರಿನ ಕಡೆಯ ಗುರೆಳ್ಳು ಚಟ್ನಿ. ಇನ್ನೊಂದು ಕೈಯಲ್ಲಿ ಏನೂ ಬರೆಯದ ಕಾಗದದ ಸುರುಳಿ.

"ನಮ್ಮವರ ಮನೆಗಳಲ್ಲಿ ಈಗ ತೊಟ್ಟಿಲು ಕಟ್ಟುವುದೇ ಅಪರೂಪ," ಎಂದ. "ಹೊರಗಿನಿಂದ ಬಂದವರ ಓಣಿಯಲ್ಲಿ ಕಾಲಿಟ್ಟರೆ ಮಕ್ಕಳ ಗದ್ದಲ. ಇನ್ನು ಇಪ್ಪತ್ತು ವರ್ಷಕ್ಕೆ ಊರು ನಮ್ಮದಾಗಿ ಉಳಿಯುವುದಿಲ್ಲ ಎಂದು ಹಿರಿಯರು ಹೆದರಿದ್ದಾರೆ. ಹೊರಗಿನವರ ಪಟ್ಟಿ ಮಾಡಿ ಅವರನ್ನು ಕಳಿಸಿಬಿಡಬೇಕಂತೆ. ಅಕ್ಷರ ಬಲ್ಲವನೆಂದು ಬರೆಯುವ ಕೆಲಸ ನನಗೆ ಒಪ್ಪಿಸಿದ್ದಾರೆ. ಯಾವ ಅಳತೆ ಹಿಡಿದು ಬರೆಯಲಿ?"

"ಅಳತೆ ಬೇಕೇನು?" ಎಂದರು ಗುರುಗಳು. "ಕೂತುಕೋ. ಹಿಂದೆ ಒಂದು ಊರಿನವರು ಅಂಥದೊಂದು ಅಳತೆ ಮಾಡಿಕೊಂಡಿದ್ದರು."

ಹಳ್ಳದ ದಂಡೆಯಲ್ಲಿ ಮಗ್ಗಗಳ ಊರೊಂದಿತ್ತು. ಅಲ್ಲಿನ ತಾಯಂದಿರು ಹಿಂದೆಲ್ಲ ಎಂಟು ಹೆತ್ತು ನಾಲ್ಕನ್ನು ಮಣ್ಣಿಗೆ ಕೊಡುತ್ತಿದ್ದರು. ಕಾಲ ಸುಧಾರಿಸಿತು, ಹುಟ್ಟಿದ ಮಕ್ಕಳು ಉಳಿದವು. ಉಳಿದವರಿಗೆಲ್ಲ ಮನೆ, ಮಗ್ಗ ಹಂಚಿದರೆ ಸಾಲದಾಯಿತು. ಆಗ ಒಂದೇ ಮಗು ಸಾಕು ಎಂದರು. ಅದರಲ್ಲಿ ತಪ್ಪೇನೂ ಇಲ್ಲ. ದಣಿದ ಹೆಂಗಸರು ಸ್ವಲ್ಪ ಕೂತು ಉಸಿರುಬಿಟ್ಟರು, ಅಷ್ಟೇ.

ಆದರೆ ಒಂದೇ ಮಗುವಿರುವ ಮನೆಯಿಂದ ಆ ಒಂದೂ ಹೊರಟರೆ ಮಗ್ಗದ ಮುಂದೆ ಕೂರುವವರಿಲ್ಲ. ಊರ ಗೌಡನ ಮನೆಯಲ್ಲೂ ಹಾಗೇ ಆಯಿತು. ಅವನಿಗೆ ಒಬ್ಬನೇ ಮಗ. ಸೊಸೆಯೂ ತನ್ನ ತಂದೆಗೆ ಒಬ್ಬಳೇ ಮಗಳು. ಅವಳ ತಂದೆ ಹಾಸಿಗೆ ಹಿಡಿದಾಗ ಗೌಡನ ಮಗ ಮನೆ ಅಳಿಯನಾಗಿ ಆ ಊರಿಗೆ ಹೋದ. ಇಬ್ಬರು ಬೀಗರಲ್ಲಿ ಒಬ್ಬರ ಮನೆ ಬರಿದಾಗಲೇಬೇಕಿತ್ತು. ಗೌಡನದು ಆಯಿತು.

ಅದೇ ವರ್ಷ ಎಲ್ಲೋ ದೂರದಲ್ಲಿ ನೆರೆ ಬಂದು ಊರೊಂದು ಕೊಚ್ಚಿಹೋಯಿತು. ಅಲ್ಲಿಯ ಹತ್ತಾರು ಕುಟುಂಬಗಳು ಕೆಲಸ ಹುಡುಕುತ್ತ ಇಲ್ಲಿಗೆ ಬಂದವು. ಅವರಲ್ಲೊಬ್ಬ ನೇಕಾರ, ಹೊಸದಾಗಿ ಮದುವೆಯಾದವನು. ಗೌಡ ಸುಮ್ಮನೆ ನಿಂತಿದ್ದ ತನ್ನ ಮಗ್ಗವನ್ನು ಅವನ ಕೈಗೆ ಕೊಟ್ಟ. ಅವನು ನೇಯ್ದ, ಹೆಂಡತಿ ನೂಲು ಸುತ್ತಿದಳು. ಒಂದರ ಹಿಂದೆ ಒಂದರಂತೆ ನಾಲ್ಕು ಗಂಡುಮಕ್ಕಳನ್ನು ಹೆತ್ತಳು. ಬೆಳಗಾದರೆ ಲಾಳಿಯ ಸದ್ದು, ಮಕ್ಕಳ ಸದ್ದು. ಗೌಡನಿಗೆ ಅದು ಹಿತವಾಗಿಯೇ ಇತ್ತು.

ಒಂದು ದಿನ ಕಟ್ಟೆಯ ಮೇಲೆ ಕೂತ ಹಿರಿಯರು ಊರಿನ ತಲೆ ಎಣಿಸಿದರು. ಬಂದವರ ಮಕ್ಕಳು ಹೆಚ್ಚು, ತಮ್ಮ ಮಕ್ಕಳು ಕಡಿಮೆ. ಹೆದರಿದವರು ಕೂಡಲೇ ಒಂದು ಕಟ್ಟಳೆ ಮಾಡಿದರು: ಯಾರ ಹೊಕ್ಕುಳ ಬಳ್ಳಿ ಈ ಊರಿನ ಮಣ್ಣಿನಲ್ಲಿ ಹೂತಿದೆಯೋ ಅವರೇ ಊರಿನವರು. ಕಟ್ಟೆಯ ಮೇಲೆ ಮಾತಾಡುವ ಹಕ್ಕು ಅವರಿಗೆ. ಸ್ಮಶಾನದಲ್ಲಿ ಜಾಗವೂ ಅವರಿಗೇ.

ಕೇಳಲು ಚೆನ್ನಾಗಿತ್ತು. ಎಲ್ಲರೂ ತಲೆದೂಗಿದರು. ಸೂಲಗಿತ್ತಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಬಳ್ಳಿ ಹೂಳುವವಳು ಅವಳೇ ಅಲ್ಲವೇ?

ಮರುವರ್ಷ ನೇಕಾರನ ಹೆಂಡತಿ ಐದನೆಯ ಹೆರಿಗೆಯಲ್ಲಿ ತೀರಿಕೊಂಡಳು. ಹುಟ್ಟಿದ್ದು ಹೆಣ್ಣು, ಅದು ಬದುಕಿತು. ನೇಕಾರ ಹೆಂಡತಿಯನ್ನು ಅಂಗಳದಲ್ಲಿ ಮಲಗಿಸಿ ಗೌಡನ ಮುಂದೆ ಬಂದು ನಿಂತ. ಕೂಸನ್ನು ಎತ್ತಿಕೊಂಡು ಸೂಲಗಿತ್ತಿಯೂ ಹಿಂದೆ ಬಂದಳು.

"ಗೌಡ್ರ, ಆರಡಿ ಜಾಗ ಕೊಡ್ರಿ," ಎಂದ ನೇಕಾರ. "ನಿಮ್ಮ ಮಗ್ಗಕ್ಕ ಹತ್ತು ವರ್ಷ ನೂಲು ಸುತ್ಯಾಳ."

"ಆಕಿ ಬಳ್ಳಿ ಎಲ್ಲೈತಿ?"

"ನಮ್ಮ ಊರಾಗಿತ್ರಿ. ಆ ಊರೇ ಈಗ ಇಲ್ಲ."

"ಹಂಗಾದ್ರ ಇಲ್ಲಿ ಜಾಗ ಇಲ್ಲ. ಕಟ್ಟಳೆ ಎಲ್ಲಾರಿಗೂ ಒಂದೇ."

ಆಗ ಸೂಲಗಿತ್ತಿ ಬಾಯಿ ಬಿಟ್ಟಳು. "ಎಲ್ಲಾರಿಗೂ ಒಂದೇ ಅಂತೀರಿ, ಕೇಳ್ರಿ ಹಂಗಾದ್ರ. ಈತನ ಐದೂ ಮಕ್ಕಳ ಬಳ್ಳಿ ನಾನೇ ಈ ಮಣ್ಣಾಗ ಹೂತೀನಿ. ತವರಿಲ್ಲದ ಹೆಣ್ಮಗಳು, ಚೊಚ್ಚಲಕ್ಕ ಎಲ್ಲಿಗೆ ಹೋಗಬೇಕಿತ್ತು? ನಿಮ್ಮ ಓಣಿ ಸೊಸೆಯಂದಿರು ಚೊಚ್ಚಲ ಬಾಣಂತನಕ್ಕ ತವರಿಗೆ ಹೋಗ್ತಾರ, ಅಲ್ಲೇ ಹಡೀತಾರ. ಎರಡನೇದು ಇಲ್ಲಿ ಹಡೀಬೇಕಿತ್ತು. ಎರಡನೇದೇ ಇಲ್ಲ. ಹದಿನೈದು ವರ್ಷ ಆತು, ನಿಮ್ಮ ಓಣ್ಯಾಗ ನಾ ಒಂದು ಬಳ್ಳಿನೂ ಹೂತಿಲ್ಲ."

ಅವಳು ಬಿಡಲಿಲ್ಲ.

"ನಿಮ್ಮ ಮಗನ ಬಳ್ಳಿ ಅವರವ್ವನ ತವರಾಗೈತಿ. ಗೌಡತಿದೂ ಅಲ್ಲೇ. ಆಕೀನ್ನ ಮೂರು ವರ್ಷದ ಹಿಂದ ನಮ್ಮ ಸ್ಮಶಾನದಾಗ ಇಟ್ಟೀವಿ. ಈಗ ತೆಗೀಬೇಕೇನ್ರಿ?"

ಅವಳು ಹೇಳಿದ್ದು ನಿಜವೆಂದು ಗೌಡನಿಗೆ ಗೊತ್ತಾಯಿತು. ಹೆಂಡತಿಯ ಮುಖ ನೆನಪಾಯಿತು. ತಪ್ಪಾಯಿತು ಎಂಬ ಒಂದು ಮಾತು ಸಾಕಿತ್ತು. ಆದರೆ ಹತ್ತು ಜನರ ಎದುರು ಆಡಿದ್ದನ್ನು ನುಂಗಿಕೊಳ್ಳುವುದು ಅವನಿಂದಾಗಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಹಳ್ಳದ ಆಚೆ ಯಾರಿಗೂ ಬೇಡದ ಕಲ್ಲುನೆಲವಿತ್ತು. ನೇಕಾರ ಅಲ್ಲಿಗೆ ಹೋಗಿ ಅಗೆಯತೊಡಗಿದ. ಗುಂಡಿ ಆಗುವ ಹೊತ್ತಿಗೆ ಸಂಜೆಯಾಯಿತು. ಅಲ್ಲಿಯವರೆಗೆ ಹೆಣ ಬಿಸಿಲಿನಲ್ಲಿ ಕಾಯಿತು. ಕೂಸು ಹಾಲಿಗೆ ಅಳುತ್ತಿತ್ತು. ಗೌಡನ ಓಣಿಯ ಒಬ್ಬಿಬ್ಬರು ಹೆಂಗಸರು ಮರುಗಿ ಓಡಿಬಂದರು, ಆದರೆ ಆ ಇಡೀ ಓಣಿಯಲ್ಲಿ ಎದೆಹಾಲಿದ್ದವಳು ಒಬ್ಬಳೂ ಇರಲಿಲ್ಲ. ಬಂದವರ ಓಣಿಯ ತಾಯಿಯೊಬ್ಬಳೇ ಅದಕ್ಕೆ ಹಾಲೂಡಿಸಿದಳು.

ಹೊರಗಿನಿಂದ ಬಂದಿದ್ದವರೆಲ್ಲ ಮೂರನೆಯ ದಿನ ಹಳ್ಳ ದಾಟಿದರು. ಆ ಸಮಾಧಿಯ ಸುತ್ತಲೇ ಗುಡಿಸಲು ಹಾಕಿ ತಮ್ಮದೇ ಮಗ್ಗ ಹೂಡಿದರು. ಇಲ್ಲಿ ಇನ್ನು ನನ್ನ ಕೈಗೆ ಕೆಲಸವಿಲ್ಲ ಎಂದು ಸೂಲಗಿತ್ತಿಯೂ ಅವರ ಜೊತೆ ಹೋದಳು.

ಅಂದಿನಿಂದ ಲಾಳಿಯ ಸದ್ದು ಆಚೆ ದಂಡೆಯಿಂದ ಕೇಳತೊಡಗಿತು. ಗೌಡ ಸಂಜೆ ಹೊತ್ತು ಈಚೆ ದಂಡೆಯಲ್ಲಿ ಕೂತು ಕೇಳುತ್ತಿದ್ದ. ಹಳ್ಳದ ನೀರು ಮೊಣಕಾಲಿನಷ್ಟೂ ಇರಲಿಲ್ಲ. ಹನ್ನೆರಡು ವರ್ಷ ಕೂತ, ಒಂದು ದಿನವೂ ದಾಟಲಿಲ್ಲ. ಪಶ್ಚಾತ್ತಾಪ ಇರಲಿಲ್ಲವೆಂದಲ್ಲ. ಇತ್ತು, ಕಾಲು ಏಳಲಿಲ್ಲ.

ಈಚೆ ದಂಡೆಯ ಮನೆಗಳ ಕದ ಒಂದೊಂದಾಗಿ ಮುಚ್ಚಿದವು. ಗೌಡನ ಮಗ ವರ್ಷಕ್ಕೊಮ್ಮೆ ಬರುತ್ತಿದ್ದ. ಬಂದಾಗ ಒಮ್ಮೆ ಅಪ್ಪನಿಗೆ ಹೇಳಿದ: ಹೆಂಡತಿಯ ಊರಿನಲ್ಲಿ ತನ್ನನ್ನು ಇಂದಿಗೂ ಹೊರಗಿನವನೆಂದೇ ಕರೆಯುತ್ತಾರೆ, ಕಟ್ಟೆಯ ಮೇಲೆ ಮಾತಾಡಲು ಬಿಡುವುದಿಲ್ಲ. ಗೌಡ ತಲೆ ತಗ್ಗಿಸಿ ಕೇಳಿಸಿಕೊಂಡ.

ಒಂದು ಬೇಸಿಗೆಯಲ್ಲಿ ಗೌಡ ತೀರಿಕೊಂಡ. ಮಗ ಇದ್ದದ್ದು ಎರಡು ದಿನದ ದಾರಿಯಷ್ಟು ದೂರದಲ್ಲಿ. ಊರಿನಲ್ಲಿ ಉಳಿದಿದ್ದವರು ಕೋಲೂರಿ ನಡೆಯುವ ಮುದುಕರು. ಅವರು ಚಟ್ಟ ಕಟ್ಟಿದರು, ಎತ್ತಲಾಗಲಿಲ್ಲ. ಮಧ್ಯಾಹ್ನವಾಯಿತು. ಬಿಸಿಲು ಹೆಣದ ಮುಖಕ್ಕೆ ಬಂತು.

ಆಗ ಆಚೆ ದಂಡೆಯಿಂದ ನೇಕಾರ ಬಂದ. ಹಿಂದೆ ಅವನ ನಾಲ್ಕು ಗಂಡುಮಕ್ಕಳು.

ಮುದುಕನೊಬ್ಬ ಅಳುತ್ತ ಕೇಳಿದ: "ಯಪ್ಪಾ, ಯಾವ ಮುಖ ನೋಡಿ ಬಂದಿ?"

"ನನ್ನಾಕಿ ಒಂದು ಹಗಲೆಲ್ಲ ಬಿಸಿಲಾಗ ಕಾದ್ಲು," ಎಂದ ನೇಕಾರ. "ಇನ್ನೊಂದು ಹೆಣ ಕಾಯೂದು ಬ್ಯಾಡ."

ನಾಲ್ವರೂ ಹೆಗಲು ಕೊಟ್ಟರು. ಅಂದು ಅಲ್ಲಿದ್ದವರಲ್ಲಿ ಆ ಊರಿನ ಮಣ್ಣಿನಲ್ಲಿ ಹುಟ್ಟಿದ ಹುಡುಗರೆಂದರೆ ಅವರು ನಾಲ್ವರೇ. ಗೌಡನನ್ನು ಗೌಡತಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಆಮೇಲೆ ಹಳ್ಳಕ್ಕಿಳಿದು ಕೈಕಾಲು ತೊಳೆದುಕೊಂಡು ತಮ್ಮ ದಂಡೆಗೆ ಹೋದರು. ಇಲ್ಲೇ ಇರಿ ಎನ್ನಲು ಮುದುಕರಿಗೆ ಬಾಯಿ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ತೋಂಟಪ್ಪನ ಕಣ್ಣು ತುಂಬಿತ್ತು. ಕಾಗದದ ಸುರುಳಿ ಇನ್ನೂ ಕೈಯಲ್ಲೇ ಇತ್ತು.

"ಹಾಗಾದರೆ ಪಟ್ಟಿ ಬರೆಯಲೇಬಾರದೇ, ಗುರುಗಳೇ?"

ಗುರುಗಳು ಪಕ್ಕದಲ್ಲಿದ್ದ ಬುತ್ತಿಯ ಗಂಟನ್ನು ನೋಡಿದರು.

"ಬರೆ ತೋಂಟಪ್ಪ. ಹೊರಗಿನಿಂದ ಬಂದವರಲ್ಲಿ ಮೊದಲು ನಿನ್ನ ತಾಯಿಯ ಹೆಸರು ಬರೆ."