ನಾಣ್ಯದ ಯಂತ್ರ, ಒದ್ದೆ ಗೋಣಿ

“ಅಗೆಯುತ್ತದೆ, ಗುಂಡಿ ಬೀಳದು. ಕೂಗುತ್ತದೆ, ಗಂಟಲಿಲ್ಲ. ಹಗಲಿರುಳು ದುಡಿಯುತ್ತದೆ, ಅನ್ನ ಕೇಳದು. ಏನು ಹೇಳಿ, ಗುರುಗಳೇ?” ಎಂದು ಶಿಷ್ಯ ಕೇಳಿದ.

ಗುರುಗಳು ಗಡ್ಡ ನೀವಿಕೊಂಡರು. ಸೋತರು ಎಂದುಕೊಂಡ ಶಿಷ್ಯ. ಗುರುಗಳನ್ನು ಸೋಲಿಸುವುದೆಂದರೆ ಅವನಿಗೆ ಹಬ್ಬದೂಟ. ಅವರು ಕೂರುವ ಹಳೆಯ ಗೋಣಿಯನ್ನೂ ಅವನು ಬಿಟ್ಟವನಲ್ಲ. ಹಳದಿ ನೂಲಿನಲ್ಲಿ ತೇಪೆ ಹಾಕಿದ ಆ ಗೋಣಿಗೆ ‘ಸಿಂಹಾಸನ’ ಎಂದು ಹೆಸರಿಟ್ಟು, ಉಳಿದ ಶಿಷ್ಯರನ್ನೆಲ್ಲ ಹೊಟ್ಟೆ ಹಿಡಿದು ನಗುವಂತೆ ಮಾಡಿದ್ದ.

“ಬಿಟ್‌ಕಾಯಿನ್ ಅಗೆಯುವ ಯಂತ್ರ, ಗುರುಗಳೇ! ಕೂತಲ್ಲೇ ಲೆಕ್ಕ ಬಿಡಿಸುತ್ತದೆ, ನಾಣ್ಯ ಗಳಿಸುತ್ತದೆ. ಮೂರು ಬಗೆ ನೋಡಿಟ್ಟಿದ್ದೇನೆ. ಒಂದು ಅಗ್ಗ, ಒಂದು ಚುರುಕು, ಒಂದು ಮನೆಗೆ ಹೊಂದುವಂಥದ್ದು. ಮೂರನೆಯದೇ ಸರಿ ಅನ್ನಿಸುತ್ತದೆ. ನೀವು ಹೂಂ ಅಂದರೆ ಇವತ್ತೇ ತರಿಸುತ್ತೇನೆ.”

ಅವನು ಹಾಳೆಯೊಂದನ್ನು ಬಿಡಿಸಿ ಇಟ್ಟ. ಅದರಲ್ಲಿ ಮನೆಯ ಚಿತ್ರವಿತ್ತು, ಯಂತ್ರವಿತ್ತು, ಯಂತ್ರದಿಂದ ಗೋಡೆ ದಾಟಿ ಹೋಗುವ ಒಂದು ಬಾಣವಿತ್ತು. ಗುರುಗಳು ಬಾಣದ ಮೇಲೆ ಬೆರಳಿಟ್ಟರು.

“ಇದೇನು?”

“ಬಿಸಿಗಾಳಿಯ ಕೊಳವೆ. ಹೊರಗೆ ಹೋಗುತ್ತದೆ.”

“ಹೊರಗೆ ಅಂದರೆ?”

“ಹೊರಗೆ ಅಂದರೆ ಹೊರಗೆ! ಆ ಕಡೆ ಹೊಲಿಗೆಯ ದೇವೀರಕ್ಕ ಮಿಷನ್ ಹಾಕಿಕೊಂಡು ಕೂರುತ್ತಾರೆ. ಪಾಪ, ಏನೂ ಅನ್ನುವವರಲ್ಲ.”

ಗುರುಗಳು ಹಾಳೆಯನ್ನು ಮಡಿಸಿ ಅವನ ಕೈಗೇ ಕೊಟ್ಟು, ಒಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿ ಇದ್ದ. ಅವನೂ ನಿನ್ನಂತೆ ಮೂರು ಯಂತ್ರ ನೋಡಿದ. ಮೊದಲನೆಯದು ಅಗ್ಗ, ಆದರೆ ಶುರುವಾದರೆ ಹಿಟ್ಟಿನ ಗಿರಣಿ ಮನೆಗೆ ಬಂದಂತೆ. ಹೆಂಡತಿ, ಅದು ಇರಬೇಕು ಇಲ್ಲ ನಾನಿರಬೇಕು ಎಂದಳು. ಎರಡನೆಯದು ಒಂದು ಯೂನಿಟ್ ಕರೆಂಟಿಗೆ ಎಲ್ಲಕ್ಕಿಂತ ಹೆಚ್ಚು ದುಡಿಯುವಂಥದ್ದು, ಆದರೆ ಅದಕ್ಕೆ ಕಾರ್ಖಾನೆಯ ಲೈನು ಬೇಕು. ಮೂರನೆಯದು ಬೆಲೆಯಲ್ಲೂ ಮಧ್ಯಮ, ದುಡಿಮೆಯಲ್ಲೂ ಮಧ್ಯಮ. ಪೆಟ್ಟಿಗೆಯೊಳಗೆ ಕೂತು ಸದ್ದನ್ನು ನುಂಗಿಕೊಳ್ಳುತ್ತಿತ್ತು, ಬಿಸಿಯನ್ನು ಕೊಳವೆಯಲ್ಲಿ ಆಚೆ ಉಗುಳುತ್ತಿತ್ತು. ಮನೆಯ ಬೆಕ್ಕು ಅದರ ಪಕ್ಕದಲ್ಲೇ ಮಲಗಿ ಗೊರಕೆ ಹೊಡೆಯಿತು. ಬೆಕ್ಕೇ ಒಪ್ಪಿದ ಮೇಲೆ ಇನ್ನೇನು? ವ್ಯಾಪಾರಿ ಅದನ್ನೇ ಕೊಂಡ.

ಕೊಳವೆಯ ಬಾಯಿ ಪಕ್ಕದ ಮನೆಯ ಗೋಡೆಗೆ ಒಂದು ಮೊಳ ದೂರ. ಆ ಗೋಡೆಯ ಹಿಂದೆ ರೇಷ್ಮೆಹುಳು ಸಾಕುವ ಒಬ್ಬ ಹೆಂಗಸಿದ್ದಳು. ಬೇಸಿಗೆಯ ಬೆಳೆ. ಹುಳು ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಹುಳು ಪೊರೆ ಬಿಡುವುದನ್ನು ಆ ಸೀಮೆಯಲ್ಲಿ ಜ್ವರ ಎನ್ನುತ್ತಾರೆ; ನಾಲ್ಕನೆಯದು ಗೂಡು ಕಟ್ಟುವ ಮೊದಲಿನ ಕೊನೆಯದು. ಆ ದಿನಗಳಲ್ಲಿ ಅಕ್ಕಪಕ್ಕದವರು ಮೆಣಸಿನಕಾಯಿ ಒಗ್ಗರಣೆ ಹಾಕುವುದಿಲ್ಲ. ಘಾಟು ಹುಳುವಿಗೆ ಆಗಿಬರುವುದಿಲ್ಲ ಎಂದು ಪದ್ಧತಿ.

ವ್ಯಾಪಾರಿ ಆ ಪದ್ಧತಿಯನ್ನು ಚಾಚೂ ತಪ್ಪದೆ ನಡೆಸಿದ. ವಾರವೆಲ್ಲ ಸಪ್ಪೆ ಸಾರು ಉಂಡ. ಉಣ್ಣುವಾಗ ತನ್ನನ್ನು ತಾನೇ ಮೆಚ್ಚಿಕೊಂಡ. ಗೋಡೆಯಾಚೆ ಕೊಳವೆ ತನ್ನ ಪಾಡಿಗೆ ಬಿಸಿ ಉಗುಳುತ್ತಿತ್ತು.

ಒಂದು ಮಧ್ಯಾಹ್ನ ಅವನು ಹಿತ್ತಿಲಿಗೆ ಹೋದಾಗ ಅವಳ ಗೋಡೆ ಮುಟ್ಟಿದ. ಅದು ಕಾದ ಕಾವಲಿಯಂತಿತ್ತು. ಕೈ ಹಿಂದಕ್ಕೆಳೆದುಕೊಂಡು ಒಳಗೆ ಬರುವಷ್ಟರಲ್ಲಿ ಅವಳು ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ನೀರು ತೊಟ್ಟಿಕ್ಕುವ ಗೋಣಿ.

“ಅಣ್ಣಾ, ನಿಮ್ಮನೇಲೂ ಇಷ್ಟೇ ಸೆಕೆನಾ? ಹುಳ ಜ್ವರದಿಂದ ಎದ್ದವು, ಎಲೆ ಮಾತ್ರ ಮುಟ್ತಿಲ್ಲ.”

“ಬೇಸಿಗೆ ಅಲ್ವೇನಮ್ಮ,” ಎಂದ ವ್ಯಾಪಾರಿ.

“ನಮ್ಮ ಹುಳಕ್ಕೋಸ್ಕರ ನೀವು ಸಪ್ಪೆ ಉಣ್ತಿದೀರಂತೆ, ನಿಮ್ಮನೆ ಅಕ್ಕ ಹೇಳಿದ್ರು. ತಗೊಳ್ಳಿ, ಇದನ್ನ ಕಿಟಕಿಗೆ ಕಟ್ಟಿ, ತಂಪಾಗುತ್ತೆ. ನಮ್ಮ ಮನೇಲಿ ಇನ್ನೂ ಮೂರಿವೆ.”

ಅವಳ ಹುಳುಮನೆಗೆ ನಾಲ್ಕು ಕಿಟಕಿ. ಅದು ವ್ಯಾಪಾರಿಗೆ ಗೊತ್ತಿತ್ತು. ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ಯಂತ್ರ ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. ಅವಳು ಅತ್ತ ಹೋದ ಮೇಲೆ ಆ ಒದ್ದೆ ಗೋಣಿಯನ್ನು ಯಂತ್ರ ಗಾಳಿ ಎಳೆದುಕೊಳ್ಳುವ ಕಡೆಗೆ ಕಟ್ಟಿದ. ತಂಪಾದ ಯಂತ್ರ ಇನ್ನಷ್ಟು ಚುರುಕಾಗಿ ಓಡಿತು. ಆ ವಾರದಷ್ಟು ನಾಣ್ಯ ಹಿಂದೆಂದೂ ಬಿದ್ದಿರಲಿಲ್ಲ.

ಐದನೆಯ ದಿನ ಅವಳು ಹುಳುವಿನ ತಟ್ಟೆಗಳನ್ನು ತಿಪ್ಪೆಗುಂಡಿಗೆ ಹೊತ್ತಳು. ಒಬ್ಬಳಿಗೇ ಆಗದು ಎಂದು ವ್ಯಾಪಾರಿ ಇನ್ನೊಂದು ತುದಿ ಹಿಡಿದ. ತಟ್ಟೆ ಹಗುರವಾಗಿತ್ತು. ಸತ್ತ ಹುಳುಗಳನ್ನು ಸುರಿದು ಕೈ ಕೊಡವಿಕೊಂಡು ಅವಳು ಹೇಳಿದಳು: “ನಿಮ್ಮಂಥ ನೆರೆಯವರು ಇದ್ದರೆ ಇನ್ನೊಂದು ಬೆಳೆ ಎತ್ತಬಹುದು, ಅಣ್ಣಾ.”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಕಿವಿ ಬಿಸಿಯಾಗಿತ್ತು. ಎಲ್ಲಿ ನೋಡಬೇಕೋ ತಿಳಿಯದೆ ಮಡಿಸಿದ ಹಾಳೆಯನ್ನು ಇನ್ನೊಂದು ಸಲ ಮಡಿಸಿದ. ಕದ್ದ ಮಾವಿನಕಾಯಿ ಜೇಬಿನಲ್ಲಿಟ್ಟುಕೊಂಡು ತೋಟದವನ ಮುಂದೆ ನಿಂತವನಂತಿತ್ತು ಅವನ ಸ್ಥಿತಿ. “ಆಮೇಲೆ?” ಎಂದ.

“ಆಮೇಲೇನು? ವ್ಯಾಪಾರಿ ಆ ಸಂಜೆಯೇ ಅವಳ ಬಾಗಿಲಿಗೆ ಹೋದ. ಇದ್ದದ್ದು ಇದ್ದ ಹಾಗೆ ಹೇಳಿದ. ಅವಳು ಬೈದಳು, ಅತ್ತಳು, ಕಡೆಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು. ಯಂತ್ರ ಗುಜರಿಗೆ ಹೋಯಿತು. ಮುಂದಿನ ಬೆಳೆಗೆ ವ್ಯಾಪಾರಿಯೇ ಹುಳುವಿಗೆ ಸೊಪ್ಪು ಹೊತ್ತ.”

ಶಿಷ್ಯ ಉಸಿರು ಬಿಟ್ಟ. ಹೋದ ಜೀವ ಬಂದಂತಾಯಿತು. “ಸದ್ಯ! ಹೇಳಿಕೊಂಡರೆ ಮುಗಿಯಿತು ಅನ್ನಿ. ಮತ್ತೆ ಆ ಗೋಣಿ? ಅದನ್ನು ಅವಳಿಗೆ ವಾಪಸ್ ಕೊಟ್ಟನೋ ಇಲ್ಲವೋ?”

ಗುರುಗಳ ಕೈ ತಾವು ಕೂತಿದ್ದ ಗೋಣಿಯ ಅಂಚಿಗೆ ಹೋಯಿತು. ಹಳದಿ ನೂಲಿನ ತೇಪೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಶಿಷ್ಯ ನೋಡಿದ. ನಗುವಂಥದ್ದು ಅಲ್ಲಿ ಏನೂ ಇರಲಿಲ್ಲ.

“ಕತೆಯ ಕೊನೆ ನಾನು ಕಟ್ಟಿದ್ದಪ್ಪಾ, ಆ ಬಾಗಿಲಿಗೆ ನಾನು ಹೋಗಲೇ ಇಲ್ಲ.”